ಮನೆಯೊಳಗಿನ ಗಿಡಕ್ಕೆ ಗಾಳಿಯೂ ನೀವೇ, ಮಳೆಯೂ ನೀವೇ

ಮನೆಯೊಳಗೆ ಏನು ಬೆಳೆಯಲಿ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಮೆಂತ್ಯ. ಬೀಜಕ್ಕೆ ಅಂಗಡಿಗೆ ಹೋಗಬೇಕಿಲ್ಲ, ಒಗ್ಗರಣೆ ಡಬ್ಬಿಯಲ್ಲೇ ಇದೆ. ಒಂದು ಹಿಡಿ ಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ಅಗಲದ ಟ್ರೇಯಲ್ಲಿ ಒತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಮೂರು ನಾಲ್ಕು ದಿನಕ್ಕೆ ಮೊಳಕೆ ತಲೆ ಎತ್ತುತ್ತದೆ. 20ರಿಂದ 25 ದಿನಕ್ಕೆ ಸೊಪ್ಪು ಕೊಯ್ಯಬಹುದು.

ಮಣ್ಣಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ನಮ್ಮ ದಾವಣಗೆರೆ ಕಡೆಯ ಎರೆಮಣ್ಣು ಹೊಲಕ್ಕೆ ಬಂಗಾರ, ಕುಂಡಕ್ಕೆ ಅಲ್ಲ. ನೆನೆದರೆ ಅಂಟು, ಒಣಗಿದರೆ ಬಿರುಕು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮ ಸಮ ಸೇರಿಸಿ. ಊರಲ್ಲಿ ಇಷ್ಟೊಂದು ರೈಸ್ ಮಿಲ್ ಇವೆಯಲ್ವಾ, ಎರಡು ಹಿಡಿ ಭತ್ತದ ಹೊಟ್ಟು ತಂದು ಬೆರೆಸಿದರೆ ಮಣ್ಣು ಸಡಿಲವಾಗುತ್ತದೆ. ಕುಂಡದ ತಳಕ್ಕೆ ತೂತು ಇರಲೇಬೇಕು.

ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಹಾಕಿ. ದೀಪಾವಳಿ ಆದ ಮೇಲೆ ಹಾಕಿದ್ದು ಚೆನ್ನಾಗಿ ಬರುತ್ತದೆ. ಬೇಸಿಗೆಯಲ್ಲಿ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ಪುದೀನ ಕಡ್ಡಿಯನ್ನು ಸುಮ್ನೆ ಒಂದು ಲೋಟ ನೀರಲ್ಲಿ ನಿಲ್ಲಿಸಿ ಇಡಿ, ಬೇರು ಬಿಟ್ಟ ಮೇಲೆ ನೆಟ್ಟರಾಯಿತು.

ಗಿಡ ಸೊರಗಿ, ಕಿಟಕಿ ಕಡೆ ಕತ್ತು ಚಾಚಿ ಉದ್ದವಾದರೆ ಅದಕ್ಕೆ ಬೆಳಕು ಸಾಲದು ಅಂತ ಅರ್ಥ. ಪೂರ್ವದ ಕಿಟಕಿಗೆ ಇಡಿ, ಎರಡು ದಿನಕ್ಕೊಮ್ಮೆ ಕುಂಡ ತಿರುಗಿಸಿ. ಸೊಪ್ಪಿಗೆ ನಾಲ್ಕು ಗಂಟೆ ಬಿಸಿಲು ಸಾಕು. ಮೆಣಸಿನಕಾಯಿ, ಟೊಮೆಟೊಗೆ ಆರು ಗಂಟೆಯಾದರೂ ಬೇಕು.

ನಾನು ಕಲಿಯಲು ತಡವಾದದ್ದು ಇನ್ನೊಂದಿದೆ. ಹಿತ್ತಲ ಗಿಡವನ್ನು ಗಾಳಿ ಅಲುಗಾಡಿಸುತ್ತದೆ, ಅದರಿಂದ ಕಾಂಡ ಗಟ್ಟಿಯಾಗುತ್ತದೆ. ಒಳಗಿನ ಗಿಡಕ್ಕೆ ಆ ಗಾಳಿ ನಮ್ಮ ಕೈ. ದಿನಾ ಬೆಳಿಗ್ಗೆ ಸಸಿಗಳ ತಲೆ ಮೇಲೆ ಅಂಗೈಯನ್ನು ಹಗುರಾಗಿ ಹತ್ತಾರು ಸಲ ಆಡಿಸಿ. ಮಕ್ಕಳ ತಲೆ ಸವರುತ್ತೇವಲ್ಲ, ಹಾಗೆ. ಸಸಿ ಗಿಡ್ಡವಾಗಿ, ದಪ್ಪಗೆ ಬೆಳೆಯುತ್ತದೆ. ಮೆಣಸಿನ ಗಿಡ ಹೂ ಬಿಟ್ಟಾಗ ಕೊಂಬೆಗೆ ಬೆರಳಿಂದ ಮೆಲ್ಲಗೆ ತಟ್ಟಿ. ಪರಾಗ ಉದುರಿ ಕಾಯಿ ಕಚ್ಚುತ್ತದೆ. ಮನೆಯೊಳಗೆ ಜೇನು ಎಲ್ಲಿಂದ ಬರಬೇಕು?

ನೀರು ಜಾಸ್ತಿಯಾಗಿಯೇ ಹೆಚ್ಚು ಗಿಡ ಸಾಯುವುದು. ಒಮ್ಮೆ ಹತ್ತು ದಿನಕ್ಕೆ ಚಿತ್ರದುರ್ಗದ ಮಗಳ ಮನೆಗೆ ಹೊರಟವಳು, ಬಾಯಾರಿದರೆ ಪಾಪ ಅಂತ ಕುಂಡದ ಕೆಳಗಿನ ತಟ್ಟೆ ತುಂಬಾ ನೀರು ನಿಲ್ಲಿಸಿ ಹೋದೆ. ಬಂದು ನೋಡಿದರೆ ಬೇರು ಕೊಳೆತು ವಾಸನೆ. ಬಹಳ ಬೇಜಾರಾಯಿತು. ಅಂದಿನಿಂದ ಬೆರಳ ಒಂದು ಗಿಣ್ಣು ಮಣ್ಣೊಳಗೆ ಇಳಿಸಿ ನೋಡುತ್ತೇನೆ. ತಂಪಿದ್ದರೆ ನೀರು ಬೇಡ. ಬೋರ್ ನೀರಿನ ಉಪ್ಪು ಕುಂಡದ ಅಂಚಿಗೆ ಬೆಳ್ಳಗೆ ಕಟ್ಟಿದರೆ, ಮಳೆ ನೀರು ಹಿಡಿದು ಒಂದೆರಡು ಸಲ ಧಾರಾಳವಾಗಿ ಹಾಯಿಸಿ, ತಳದಿಂದ ಹರಿದು ಹೋಗಲಿ.

ಹೋದ ತಿಂಗಳು ಮೆಣಸಿನ ಎಲೆಯ ಹಿಂದೆ ಹೇನು ಕೂತಿದ್ದನ್ನು ನನಗಿಂತ ಮೊದಲು ಕಂಡವನು ಮೊಮ್ಮಗ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಹೊತ್ತು ಚಿಮುಕಿಸಿದೆವು. ಶಾಲೆಗೆ ಹೊರಡುವ ಮೊದಲು ಎಲೆ ತಿರುಗಿಸಿ ನೋಡುವ ಕೆಲಸ ಈಗ ಅವನದೇ.