ಸ್ಪ್ರೆಡ್‌ಶೀಟ್: ಸೆಲ್‌ನಲ್ಲಿರುವುದು ಬೇರೆ, ಕಣ್ಣಿಗೆ ಕಾಣುವುದು ಬೇರೆ

ಸ್ಪ್ರೆಡ್‌ಶೀಟ್‌ನ ಪ್ರತಿ ಸೆಲ್‌ಗೂ ಎರಡು ಮುಖಗಳಿವೆ. ಒಂದು, ಒಳಗೆ ಉಳಿದಿರುವ ಮೌಲ್ಯ. ಇನ್ನೊಂದು, ತೆರೆಯ ಮೇಲೆ ಅದು ಕಾಣಿಸಿಕೊಳ್ಳುವ ರೂಪ. ಫಾರ್ಮ್ಯಾಟ್ ಬದಲಿಸಿದಾಗ ಬದಲಾಗುವುದು ರೂಪ ಮಾತ್ರ, ಲೆಕ್ಕ ನಡೆಯುವುದು ಮೌಲ್ಯದ ಮೇಲೆ. ಎರಡು ಸೆಲ್‌ಗಳಲ್ಲಿ 1.4 ಇದೆ ಎಂದುಕೊಳ್ಳೋಣ. ದಶಮಾಂಶ ಕಾಣದಂತೆ ಮಾಡಿದರೆ ಎರಡರಲ್ಲೂ 1 ಎಂದೇ ಕಾಣುತ್ತದೆ, ಮೊತ್ತ 2.8 ಆಗಿರುವುದರಿಂದ ಅದರ ಕೆಳಗೆ 3 ಎಂದು ಕಾಣುತ್ತದೆ. ಒಂದಕ್ಕೆ ಒಂದು ಸೇರಿ ಮೂರಾದ ಈ ಪಟ್ಟಿಯನ್ನು ನೋಡಿದವರು ನಿಮ್ಮ ಲೆಕ್ಕವನ್ನೇ ಅನುಮಾನಿಸುತ್ತಾರೆ. ಇಂಥ ಕಡೆ ಒಂದು ದಶಮಾಂಶ ಸ್ಥಾನವನ್ನು ತೋರಿಸಬೇಕು, ಇಲ್ಲವೇ ರೌಂಡ್ ಫಂಕ್ಷನ್ ಬಳಸಿ ಮೌಲ್ಯವನ್ನೇ ಪೂರ್ಣಾಂಕವಾಗಿಸಬೇಕು.

ದಿನಾಂಕಗಳ ವಿಷಯವೂ ಇದೇ. ಎಕ್ಸೆಲ್ ದಿನಾಂಕವನ್ನು ಸಾಮಾನ್ಯವಾಗಿ 1900ರ ಜನವರಿ 1ನ್ನು 1 ಎಂದು ಹಿಡಿದು, ಅಲ್ಲಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ದಿನಾಂಕ ಇರಬೇಕಾದ ಸೆಲ್‌ನಲ್ಲಿ 45000 ಎಂದು ಕಂಡರೆ ಮಾಹಿತಿ ಹಾಳಾಗಿಲ್ಲ. ಅದು 2023ರ ಮಾರ್ಚ್ 15, ಸೆಲ್‌ಗೆ ದಿನಾಂಕದ ಫಾರ್ಮ್ಯಾಟ್ ಕೊಟ್ಟರೆ ಸಾಕು. ಆದರೆ 03/04 ಎಂಬ ಬರಹವನ್ನು ಒಬ್ಬರು ಏಪ್ರಿಲ್ 3 ಎಂದೂ ಇನ್ನೊಬ್ಬರು ಮಾರ್ಚ್ 4 ಎಂದೂ ಓದಬಹುದಾದ್ದರಿಂದ, ಹಲವರ ಕೈಗೆ ಹೋಗುವ ಕಡತದಲ್ಲಿ ತಿಂಗಳ ಹೆಸರನ್ನು ಅಕ್ಷರಗಳಲ್ಲಿ ತೋರಿಸುವ ಫಾರ್ಮ್ಯಾಟನ್ನೇ ಆರಿಸುವುದು ಒಳ್ಳೆಯದು.

ರೂಪವನ್ನು ಯಾವಾಗ ಬೇಕಾದರೂ ತಿದ್ದಬಹುದು. ಮೌಲ್ಯವೇ ಬದಲಾಗಿಬಿಟ್ಟರೆ ಹಿಂದಿರುಗುವ ದಾರಿ ಇರುವುದಿಲ್ಲ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನಿಖರವಾಗಿ ಉಳಿಸಿಕೊಳ್ಳುತ್ತದೆ. 16 ಅಂಕಿಗಳ ಗುರುತುಸಂಖ್ಯೆಯನ್ನು ಹಾಗೇ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. 0075 ಎಂಬ ಸಂಕೇತ ಬರೀ 75 ಆಗುತ್ತದೆ. ಆದ್ದರಿಂದ ಕೂಡಿ ಕಳೆಯಬೇಕಿಲ್ಲದ ಸಂಖ್ಯೆಗಳ ಕಾಲಂಗೆ ಮಾಹಿತಿ ತುಂಬುವ ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್ ಕೊಡಬೇಕು, ಆಮೇಲೆ ಕೊಟ್ಟರೆ ಹೋದ ಅಂಕಿ ಮರಳುವುದಿಲ್ಲ. ಈ ತೊಂದರೆಗೆ ವಿಜ್ಞಾನಿಗಳೂ ಹೊರತಲ್ಲ. ಮಾನವ ಜೀನ್‌ಗಳಿಗಿದ್ದ ಮಾರ್ಚ್1, ಸೆಪ್ಟ್1 ಎಂಬಂಥ ಸಂಕೇತಗಳನ್ನು ಸ್ಪ್ರೆಡ್‌ಶೀಟ್ ತಂತಾನೇ ದಿನಾಂಕವೆಂದು ತಿಳಿದು ಬದಲಿಸುತ್ತಿದ್ದುದರಿಂದ, ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು ಅಂಥ ಸಂಕೇತಗಳನ್ನೇ ಬದಲಿಸಿ, 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಅದನ್ನು ದಾಖಲಿಸಿತು. ಸಾಫ್ಟ್‌ವೇರ್ ಬಗ್ಗದಿದ್ದಾಗ ವಿಜ್ಞಾನವೇ ಬಗ್ಗಬೇಕಾಯಿತು.

ಸಂಖ್ಯೆಗಳನ್ನು ಸೆಲ್‌ನ ನಡುವಿಗೆ ತರುವ ಅಭ್ಯಾಸ ಹಲವರಿಗಿದೆ; ಅದನ್ನು ಬಿಡುವುದು ಮೇಲು. ಏನೂ ಬದಲಿಸದಿದ್ದರೆ ಸಂಖ್ಯೆ ಬಲಕ್ಕೂ ಪಠ್ಯ ಎಡಕ್ಕೂ ನಿಲ್ಲುತ್ತವೆ. ಸಂಖ್ಯೆಗಳ ಕಾಲಂನಲ್ಲಿ ಒಂದು ಮಾತ್ರ ಎಡಕ್ಕೆ ಅಂಟಿಕೊಂಡಿದ್ದರೆ ಅದು ಪಠ್ಯವಾಗಿ ಸೇರಿಕೊಂಡಿದೆ, ಮೊತ್ತದಲ್ಲಿ ಸೇರುತ್ತಿಲ್ಲ ಎಂಬ ಸುಳಿವು ಅಲ್ಲೇ ಸಿಗುತ್ತದೆ. ಎಲ್ಲವನ್ನೂ ನಡುವಿಗೆ ತಂದರೆ ಆ ಸುಳಿವು ಅಳಿಸಿಹೋಗುತ್ತದೆ; ಬಿಡಿ, ಹತ್ತು, ನೂರರ ಸ್ಥಾನಗಳೂ ಒಂದರ ಕೆಳಗೊಂದು ಬರುವುದಿಲ್ಲ.

ಶೀರ್ಷಿಕೆಗಾಗಿ ಹಲವು ಸೆಲ್‌ಗಳನ್ನು ಮರ್ಜ್ ಮಾಡುವುದನ್ನೂ, ಅಂದರೆ ಬೆಸೆದು ಒಂದೇ ಸೆಲ್ ಆಗಿಸುವುದನ್ನೂ, ಆದಷ್ಟು ತಪ್ಪಿಸಬೇಕು. ಮರ್ಜ್ ಆದ ಸೆಲ್‌ಗಳಿರುವ ಕಡೆ ಸಾರ್ಟ್ ಮಾಡುವುದೂ ಒಂದೇ ಕಾಲಂ ಆರಿಸಿಕೊಳ್ಳುವುದೂ ತೊಡಕಾಗುತ್ತದೆ. ಎಕ್ಸೆಲ್‌ನಲ್ಲಿ ಕಂಟ್ರೋಲ್ ಮತ್ತು 1 ಒತ್ತಿ, ಅಲೈನ್‌ಮೆಂಟ್ ವಿಭಾಗದಲ್ಲಿ 'ಸೆಂಟರ್ ಅಕ್ರಾಸ್ ಸೆಲೆಕ್ಷನ್' ಆರಿಸಿದರೆ, ಸೆಲ್‌ಗಳು ಬೇರೆಬೇರೆಯಾಗಿಯೇ ಉಳಿದು ಶೀರ್ಷಿಕೆ ಮಾತ್ರ ನಡುವೆ ನಿಲ್ಲುತ್ತದೆ.

ದೊಡ್ಡ ಹಾಳೆಯನ್ನು ಓದಲು ಅತ್ಯಂತ ಉಪಯುಕ್ತವಾದದ್ದು ಫ್ರೀಜ್ ಪೇನ್ಸ್. ಮೇಲಿನ ಒಂದು ಸಾಲು ಮತ್ತು ಎಡಗಡೆಯ ಒಂದು ಕಾಲಂ ಸದಾ ಕಾಣುತ್ತಿರಬೇಕಾದರೆ ಬಿ2 ಸೆಲ್ ಮೇಲೆ ಕ್ಲಿಕ್ ಮಾಡಿ, ವ್ಯೂ ವಿಭಾಗದಲ್ಲಿ ಫ್ರೀಜ್ ಪೇನ್ಸ್ ಒತ್ತಬೇಕು; ಆಯ್ದ ಸೆಲ್‌ನ ಮೇಲಿರುವ ಸಾಲುಗಳೂ ಎಡಕ್ಕಿರುವ ಕಾಲಂಗಳೂ ಕದಲುವುದಿಲ್ಲ. ಇಲ್ಲೊಂದು ಎಚ್ಚರಿಕೆ ಬೇಕು. ಹಾಳೆಯನ್ನು ಕೆಳಗೆ ಸರಿಸಿದ್ದಾಗಲೇ ಫ್ರೀಜ್ ಮಾಡಿದರೆ, ಆಗ ಕಾಣದೆ ಮೇಲೆ ಉಳಿದಿದ್ದ ಸಾಲುಗಳಿಗೆ ಎಷ್ಟು ಸರಿಸಿದರೂ ಹೋಗಲಾಗುವುದಿಲ್ಲ, ಸಾಲುಗಳು ಅಳಿಸಿಹೋದವೆಂದು ಗಾಬರಿಯಾಗುತ್ತದೆ. ಆದ್ದರಿಂದ ಮೊದಲು ಕಂಟ್ರೋಲ್ ಮತ್ತು ಹೋಮ್ ಒತ್ತಿ ಹಾಳೆಯ ಮೇಲ್ತುದಿಗೆ ಬಂದು, ಬಿ2 ಸೆಲ್ ಆರಿಸಿ, ಆಮೇಲೆ ಫ್ರೀಜ್ ಮಾಡಬೇಕು.

ಸದ್ಯಕ್ಕೆ ಬೇಡವಾದ ಕಾಲಂಗಳನ್ನು ಹೈಡ್ ಮಾಡುವುದಕ್ಕಿಂತ ಗ್ರೂಪ್ ಮಾಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಗ್ರೂಪ್ ಮಾಡಿದ ಕಡೆ ಕೂಡಿಸುವ ಚಿಹ್ನೆ ಕಾಣುವುದರಿಂದ ಅಲ್ಲೇನೋ ಮಡಚಿಟ್ಟಿದೆ ಎಂದು ಮುಂದಿನವರಿಗೂ ತಿಳಿಯುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಹಲವರು ಒಂದೇ ಹಾಳೆಯನ್ನು ನೋಡುತ್ತಿರುವಾಗ ಸಾಮಾನ್ಯ ಫಿಲ್ಟರ್ ಹಾಕಿದರೆ ಎಲ್ಲರ ತೆರೆಯಲ್ಲೂ ಸಾಲುಗಳು ಮಾಯವಾಗುತ್ತವೆ. ಅಲ್ಲಿ ಫಿಲ್ಟರ್ ವ್ಯೂ ಬಳಸಿದರೆ ಇತರರ ನೋಟಕ್ಕೆ ಅಡ್ಡಿಯಾಗುವುದಿಲ್ಲ.

ಬಣ್ಣ ಮಿತವಾಗಿರಲಿ. ಕೆಂಪು ಎಂದರೆ ಬಾಕಿ, ಹಸಿರು ಎಂದರೆ ಮುಗಿದದ್ದು ಎಂದು ಬರೀ ಬಣ್ಣದಲ್ಲಿ ಹೇಳಿದರೆ ಆ ಎರಡು ಬಣ್ಣಗಳನ್ನು ಬೇರ್ಪಡಿಸಲಾಗದ ಓದುಗರಿಗೆ ಅದು ತಲುಪುವುದಿಲ್ಲ, ಸಾಮಾನ್ಯ ಸೂತ್ರಗಳೂ ಬಣ್ಣವನ್ನು ಎಣಿಸುವುದಿಲ್ಲ. ಸ್ಥಿತಿಯನ್ನು ಒಂದು ಕಾಲಂನಲ್ಲಿ ಪದವಾಗಿ ಬರೆದು, ಆ ಪದವನ್ನು ಆಧರಿಸಿ ಕಂಡೀಷನಲ್ ಫಾರ್ಮ್ಯಾಟಿಂಗ್ ಮೂಲಕ ಬಣ್ಣ ಬರುವಂತೆ ಮಾಡಬಹುದು.

ಮುದ್ರಿಸುವುದಿದ್ದರೆ ಎಕ್ಸೆಲ್‌ನ ಪೇಜ್ ಲೇಔಟ್‌ನಲ್ಲಿ ಪ್ರಿಂಟ್ ಟೈಟಲ್ಸ್ ಮೂಲಕ ಶೀರ್ಷಿಕೆಯ ಸಾಲು ಪ್ರತಿ ಪುಟದಲ್ಲೂ ಬರುವಂತೆ ಮಾಡಿ, ಅಗಲವನ್ನು ಒಂದು ಪುಟಕ್ಕೆ ಹೊಂದಿಸಿ, ಎತ್ತರವನ್ನು ಆಟೊಮ್ಯಾಟಿಕ್ ಎಂದೇ ಬಿಡಬೇಕು. ಸಂಖ್ಯೆ ಹಿಡಿಸದಷ್ಟು ಕಿರಿದಾದ ಕಾಲಂನಲ್ಲಿ ##### ಚಿಹ್ನೆಗಳು ಕಾಣುತ್ತವೆ; ಕಾಲಂನ ತಲೆಯ ಬಲಗಡೆಯ ಗೆರೆಯ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಅಗಲ ಹೊಂದಿಕೊಳ್ಳುತ್ತದೆ. ತೆರೆಯಲ್ಲಿ ಸರಿಯಾಗಿ ಕಂಡ ಸಂಖ್ಯೆಯೂ ಕಾಗದದ ಮೇಲೆ ಈ ಚಿಹ್ನೆಗಳಾಗಿ ಬೀಳುವುದುಂಟು. ಹೀಗಾಗಿ ಅಂಚಿಗೆ ಅಂಟಿದಂತಿರುವ ಕಾಲಂಗಳನ್ನು ತುಸು ಅಗಲಿಸಿ, ಪ್ರಿಂಟ್ ಪ್ರಿವ್ಯೂನಲ್ಲಿ ಮೊದಲ ಪುಟದ ಜೊತೆಗೆ ಕೊನೆಯ ಪುಟವನ್ನೂ ನೋಡಿಕೊಳ್ಳಬೇಕು.