ಸೈಕಲ್‌ನೋರಿಗೂ ಸೇಫ್ ಆಗಿರೋ ರೌಂಡಬೌಟ್ ಮಾಡೋದು ಹೇಗೆ?

ಸಿಗ್ನಲ್ ತೆಗೆದು ರೌಂಡಬೌಟ್ ಮಾಡಿದ್ರೆ ಟ್ರಾಫಿಕ್ ಸಲೀಸಾಗಿ ಹೋಗುತ್ತೆ ನಿಜ, ಆದ್ರೆ ರಸ್ತೆ ಮಧ್ಯ ಬರೀ ಒಂದು ದುಂಡನೆ ಕಟ್ಟೆ ಕಟ್ಟಿಬಿಟ್ರೆ ಸೈಕಲ್‌ನೋರಿಗೆ ಏನೂ ಪ್ರಯೋಜನ ಇಲ್ಲ.

ಮೊದ್ಲು ರೂಲ್ ಸರಿ ಇರ್ಬೇಕು: ಒಳಗೆ ಸುತ್ತುತಿರೋ ಗಾಡಿಗೆ ದಾರಿ ಬಿಟ್ಟು ಆಮೇಲೆ ಹೊರಗಿನೋರು ಬರ್ಬೇಕು. ಬ್ರಿಟನ್‌ನಲ್ಲಿ 1966ರಲ್ಲಿ ಇದನ್ನ ರೂಲ್ ಮಾಡಿದ್ಮೇಲೇನೇ ವೃತ್ತದೊಳಗೆ ಗಾಡಿಗಳು ಸಿಕ್ಕಾಕೊಳ್ಳೋದು ತಪ್ಪಿದ್ದು.

ಸಾಧ್ಯ ಆದಷ್ಟೂ ಒಂದೇ ಲೇನ್ ಇಡಿ. ನಾಲ್ಕು ರಸ್ತೆ ಸೇರೋ ಮಾಮೂಲಿ ಜಂಕ್ಷನ್‌ನಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ಅಡ್ಡ ಬರೋ, ಸೇರೋ, ಬೇರೆಯಾಗೋ ಜಾಗ ಒಟ್ಟು 32, ಒಂದು ಲೇನ್ ರೌಂಡಬೌಟ್‌ನಲ್ಲಿ ಬರೀ 8. ಒಳಗೆ ಬರೋ ದಾರಿನ ಇಕ್ಕಟ್ಟಾಗಿ, ಚೆನ್ನಾಗಿ ತಿರುಗಲೇಬೇಕಾದ ಹಾಗೆ ಮಾಡಿ, ಆಗ ಸ್ಪೀಡು ತಾನಾಗೇ 30 ಕಿ.ಮೀ. ಹತ್ರ ಇಳಿಯುತ್ತೆ, ಬೋರ್ಡ್ ಹಾಕಿ ಬೇಡ್ಕೋಬೇಕಾಗಿಲ್ಲ. ಬಸ್ಸು ಲಾರಿ ಚಕ್ರ ಹತ್ತಿಸಿ ತಿರುಗೋಕೆ ಮಧ್ಯದ ಕಟ್ಟೆ ಸುತ್ತ ಸ್ವಲ್ಪ ಎತ್ತರದ ಒರಟು ಕಲ್ಲಿನ ಪಟ್ಟಿ ಹಾಕಿದ್ರೆ ಸಾಕು.

ಈಗ ಮುಖ್ಯವಾದದ್ದು. ರೌಂಡಬೌಟ್ ಒಳಗೇ ಅಂಚಲ್ಲಿ ಪೇಂಟ್ ಬಳಿದು ಸೈಕಲ್ ಲೇನ್ ಅಂತ ದಯವಿಟ್ಟು ಮಾಡ್ಬೇಡಿ, ಬೆಲ್ಜಿಯಂನಲ್ಲಿ ಲೆಕ್ಕ ಹಾಕಿ ನೋಡಿದಾಗ ಅಂಥ ಕಡೆ ಸೈಕಲ್‌ನೋರಿಗೆ ಪೆಟ್ಟಾಗೋದು ಜಾಸ್ತಿನೇ ಆಗಿತ್ತು, ಯಾಕಂದ್ರೆ ಹೊರಗೆ ತಿರುಗೋ ಕಾರು ಪಕ್ಕದಲ್ಲಿರೋ ಸೈಕಲ್‌ಗೆ ನೇರ ಅಡ್ಡ ಬರುತ್ತೆ, ಡ್ರೈವರ್‌ಗೆ ಅದು ಕಾಣೋದೂ ಇಲ್ಲ. ನೆದರ್ಲೆಂಡ್ಸ್‌ನೋರು ಮಾಡೋ ಹಾಗೆ ಸೈಕಲ್ ಟ್ರ್ಯಾಕ್‌ನ ಹೊರಗಡೆ ಬೇರೆಯಾಗೇ ಸುತ್ತಿಸಿ, ರಸ್ತೆ ದಾಟೋ ಜಾಗನ ವೃತ್ತದಿಂದ ಸುಮಾರು 5 ಮೀಟರ್ ದೂರ ಇಡಿ. ಅಂದ್ರೆ ಒಂದು ಕಾರು ನಿಲ್ಲೋಷ್ಟು ಜಾಗ. ಅಷ್ಟೊತ್ತಿಗೆ ಕಾರು ಪೂರ್ತಿ ತಿರುಗಿರುತ್ತೆ, ಸೈಕಲ್ ಕಣ್ಣೆದುರಿಗೇ ಕಾಣುತ್ತೆ, ಕಾರು ನಿಂತ್ರೂ ಹಿಂದಿನ ಸುತ್ತು ಬ್ಲಾಕ್ ಆಗಲ್ಲ. ಸೇಫ್ಟಿ, ಟ್ರಾಫಿಕ್ ಎರಡಕ್ಕೂ ಆ 5 ಮೀಟರೇ ಜೀವಾಳ.

ಎರಡು ಮೂರು ಲೇನ್ ಬೇಕೇ ಬೇಕು ಅನ್ನೋ ಕಡೆ ಸೈಕಲ್‌ಗೆ ಕೆಳಗೋ ಮೇಲೋ ಬೇರೆ ದಾರಿ ಕೊಡಿ, ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಊರಲ್ಲಿ 2012ರಲ್ಲಿ ಹೋವೆನ್‌ರಿಂಗ್ ಅಂತ ಜಂಕ್ಷನ್ ಮೇಲೆ ತೂಗುಹಾಕಿರೋ ಸೈಕಲ್ ವೃತ್ತನೇ ಮಾಡಿದಾರೆ.

ಬೇರೆ ಟ್ರ್ಯಾಕ್ ಇಲ್ದೇ ಇರೋ ಒಂದು ಲೇನ್ ರೌಂಡಬೌಟಲ್ಲಿ ನೀವೇ ಸೈಕಲ್ ಹೊಡೀತಿದ್ರೆ ಅಂಚು ಹಿಡಿದು ಹೋಗ್ಬೇಡಿ, ಲೇನ್ ಮಧ್ಯದಲ್ಲೇ ಹೋಗಿ, ಹೊರಗೆ ಬರೋಕೆ ಮುಂಚೆ ಕೈ ತೋರ್ಸಿ.

ಕಾಂಕ್ರೀಟ್ ಹಾಕೋ ಮುಂಚೆ ಕೋನ್ ಇಟ್ಟು ಸ್ವಲ್ಪ ದಿನ ಟ್ರಯಲ್ ನೋಡಿ. ಸ್ಕೂಲ್ ಬಿಡೋ ಟೈಮಲ್ಲಿ ಹೊರಗೆ ಹೋಗೋ ದಾರಿ ಹತ್ರ ನಿಂತ್ಕೊಂಡು ನೋಡಿ, ಸೈಕಲ್ ದಾಟೋ ಜಾಗಕ್ಕೆ ಬಂದಾಗ ಕಾರುಗಳು ಸ್ಲೋ ಆಗ್ತಿಲ್ಲ ಅಂದ್ರೆ ಅಲ್ಲಿ ರಸ್ತೆನ ಹಂಪ್ ಥರ ಎತ್ತರ ಮಾಡ್ಲೇಬೇಕು.