ಧಾರೆ ಎಷ್ಟೊತ್ತಿಗೆ? ಮದುವೆ ಸೀಸನ್ನಿನಲ್ಲಿ ಹಾಫ್ ಮ್ಯಾರಥಾನ್ ತಯಾರಿ

ಭಾನುವಾರದ ಲಾಂಗ್ ರನ್ (ವಾರದ ಅತಿ ಉದ್ದದ ಓಟ) ಎರಡು ದಿನಕ್ಕೆ ಒಡೆದರೆ ಹಾಫ್ ಮ್ಯಾರಥಾನ್ ಆಸೆ ಬಿಟ್ಟುಬಿಡು ಅಂತ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನನಗೆ ಹೇಳದವರೇ ಇಲ್ಲ. ನಾನು ಹೆಚ್ಚುಕಡಿಮೆ ಒಂದು ವರ್ಷ ಒಡೆದುಕೊಂಡೇ ಓಡಿದೆ. ಶನಿವಾರ ಒಂದು ತುಂಡು, ಭಾನುವಾರ ಒಂದು ತುಂಡು, ನಡುವೆ ಯಾರದೋ ಆರತಕ್ಷತೆ, ಇಲ್ಲವೇ ನಾಮಕರಣ, ಇಲ್ಲವೇ ಗೃಹಪ್ರವೇಶ. ಮೊದಲ ಸಲ 21.1 ಕಿಲೋಮೀಟರಿಗೆ ಎರಡೂಮುಕ್ಕಾಲು ಗಂಟೆ ಹಿಡಿದಿತ್ತು, ಕೊನೆಯ ನಾಲ್ಕು ಕಿಲೋಮೀಟರ್ ನಡೆದೇ ಮುಗಿಸಿದ್ದೆ. ಹೋದ ಸಲ ಎರಡು ಗಂಟೆ ಒಂಬತ್ತೋ ಹತ್ತೋ ನಿಮಿಷ. ಈಗ ಅದೇ ಜನ 'ಹೆಂಗ್ ಮಾಡ್ದೆ' ಅಂತ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ನಾನು ಮೈಸೂರಿನ ಪಿಜಿಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿರುವವಳು. ಊರು ಮದ್ದೂರು ಕಡೆ. ಅಪ್ಪನ ಕಡೆಯೂ ದೊಡ್ಡ ಸಂಸಾರ, ಅಮ್ಮನ ಕಡೆ ಇನ್ನೂ ದೊಡ್ಡದು. ಮಾಘದಿಂದ ಹಿಡಿದು ವೈಶಾಖ, ಜ್ಯೇಷ್ಠದ ತನಕ ತಿಂಗಳಿಗೆ ಮೂರು ವಾರಾಂತ್ಯವಾದರೂ ಏನಾದರೊಂದು ಇದ್ದೇ ಇರುತ್ತದೆ. ಒಂದಕ್ಕೆ ತಪ್ಪಿಸಿಕೊಂಡರೂ 'ಓದಕ್ ಹೋದ್ಮೇಲೆ ನಮ್ಮನ್ನೆಲ್ಲ ಮರ್ತವಳೆ' ಅನ್ನುವ ಮಾತು ಮುಂದಿನ ಮದುವೆಯವರೆಗೂ ಓಡಾಡುತ್ತಿರುತ್ತದೆ. ಅಲ್ಲದೆ ನನಗೂ ಹೋಗುವುದು ಇಷ್ಟ. ಅತ್ತೆ ಮಕ್ಕಳು, ಮಾವನ ಮಕ್ಕಳೆಲ್ಲ ಸೇರಿದ ಮೇಲೆ ಬಿಟ್ಟು ಬರುವ ಮನಸ್ಸೇ ಆಗುವುದಿಲ್ಲ.

ಮೊದಲು ದುಡ್ಡು ಸುರಿದು ನೋಡಿದೆ. ಫೋನಿನಲ್ಲೇ ಹೇಳಿಕೊಡುವ ಒಬ್ಬ ಕೋಚ್‌ಗೆ ತಿಂಗಳಿಗೆ ಸಾವಿರದ ಎಂಟುನೂರರ ಹಾಗೆ ಮೂರು ತಿಂಗಳು ಕಟ್ಟಿದೆ. ಅವರ ಪಟ್ಟಿಯಲ್ಲಿ ಭಾನುವಾರ ಬೆಳಿಗ್ಗೆ ಲಾಂಗ್ ರನ್ ಅನ್ನುವುದು ಕಲ್ಲಿನಲ್ಲಿ ಕೆತ್ತಿದ್ದು. 'ಈ ಭಾನುವಾರ ಚಿಕ್ಕಮ್ಮನ ಮಗಳ ಮದುವೆ ಸರ್' ಅಂದರೆ 'ಸೋಮವಾರ ಮಾಡಿ' ಅನ್ನುವರು. ಸೋಮವಾರ ಎಂಟೂವರೆಗೆ ಲ್ಯಾಬ್. ನಾಲ್ಕಕ್ಕೆ ಎದ್ದು ಹದಿನಾರು ಕಿಲೋಮೀಟರ್ ಓಡಿ ಲ್ಯಾಬಿಗೆ ಹೋದ ದಿನ ಮಲ್ಟಿಮೀಟರ್ ಕೈಯಲ್ಲಿ ಹಿಡಿದುಕೊಂಡೇ ತೂಕಡಿಸಿದ್ದೆ. ಜಿಮ್‌ಗೆ ಆರು ತಿಂಗಳದು ಒಟ್ಟಿಗೆ ಐದೂವರೆ ಸಾವಿರ ಕಟ್ಟಿದೆ. ಭಾನುವಾರ ಅದು ಬಾಗಿಲು ತೆಗೆಯುವುದಿಲ್ಲ, ಶನಿವಾರ ಕ್ಲಾಸು ಮುಗಿದ ಮೇಲೆ ನಾನು ಮೈಸೂರಿನಲ್ಲಿರುವುದಿಲ್ಲ, ವಾರದ ನಡುವೆ ಅಸೈನ್‌ಮೆಂಟು. ಓಡುವಾಗ ಶಕ್ತಿಗೆ ಅಂತ ತಿನ್ನುವ ಒಂದು ಜೆಲ್ ಪೊಟ್ಟಣಕ್ಕೆ ನೂರು ನೂರಿಪ್ಪತ್ತು ರೂಪಾಯಿ. ಎಲ್ಲ ಸೇರಿ ಹನ್ನೆರಡು, ಹದಿಮೂರು ಸಾವಿರ ಹೋಯಿತು. ಕಾಲು ಮಾತ್ರ ಹಾಗೇ ಇತ್ತು.

ಆಮೇಲೆ ಕೋಚ್ ಪಟ್ಟಿ ತೆಗೆದಿಟ್ಟು ಗೋಡೆ ಮೇಲಿದ್ದ ಕ್ಯಾಲೆಂಡರ್ ಪಂಚಾಂಗ ಹಿಡಿದೆ. ಆಷಾಢದಲ್ಲಿ ಮದುವೆ ಇಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ತನಕ ಧನುರ್ಮಾಸ, ಆಗಲೂ ಇಲ್ಲ. ಪಿತೃಪಕ್ಷದ ಹದಿನೈದು ದಿನ ಶುಭಕಾರ್ಯ ಇಲ್ಲ. ಎಡೆ ಇಡುವ ದಿನ ಊರಿಗೆ ಹೋಗಬೇಕು ಅಷ್ಟೆ. ಹದಿನಾರು, ಹದಿನೆಂಟು ಕಿಲೋಮೀಟರಿನ ಪೂರಾ ಓಟವನ್ನೆಲ್ಲ ಈ ಖಾಲಿ ವಾರಗಳಿಗೆ ತಳ್ಳಿದೆ. ಲಗ್ನ ಇರುವ ತಿಂಗಳುಗಳಲ್ಲಿ ಒಡೆದ ಓಟ. ಇಷ್ಟೇ ನನ್ನ ಪದ್ಧತಿ. ಇದನ್ನು ಕೆರೆ ಏರಿಯ ಓಟದ ಗುಂಪಿನಲ್ಲಿ ಹೇಳಿದಾಗ ಒಬ್ಬರು 'ಪುರೋಹಿತರ ಹತ್ರ ಟ್ರೈನಿಂಗ್ ಪ್ಲಾನ್ ಬರೆಸ್ಕೊಂಡ್ಯಾ?' ಅಂತ ನಕ್ಕಿದ್ದರು. ಹೋದ ಸಲದ ಓಟದಲ್ಲಿ ಅವರು ನನಗಿಂತ ಏಳೆಂಟು ನಿಮಿಷ ಹಿಂದೆ ಬಂದರು.

ಲಗ್ನಪತ್ರಿಕೆ ಬಂದ ಕೂಡಲೇ ನಾನು ನೋಡುವುದು ಧಾರೆ ಎಷ್ಟೊತ್ತಿಗೆ ಅಂತ. ಒಂಬತ್ತೂಕಾಲರಿಂದ ಹತ್ತೂವರೆ ಅಂತಿದ್ದರೆ ಎಂಟಕ್ಕೆ ಛತ್ರದಲ್ಲಿ ಸೀರೆ ಉಟ್ಟು ನಿಂತಿರಬೇಕು. ಅಂದರೆ ಆರೂವರೆಗೆ ಸ್ನಾನ, ಐದೂಕಾಲಿಗೆ ಊರಿನ ನಾಲೆ ಏರಿ ಮೇಲೆ ಓಟ. ಧಾರೆ ಆರೂವರೆ, ಏಳು ಗಂಟೆಗೇ ಇದ್ದರೆ ಅಥವಾ ಗೃಹಪ್ರವೇಶ ಬ್ರಾಹ್ಮೀ ಮುಹೂರ್ತಕ್ಕೆ ಇಟ್ಟಿದ್ದರೆ ಬೆಳಗಿನ ಓಟದ ಕಥೆ ಮುಗಿಯಿತು. ಆಗ ಶನಿವಾರವೇ ಹದಿಮೂರು ಕಿಲೋಮೀಟರ್ ಓಡಿ, ಭಾನುವಾರ ಮೈಸೂರಿಗೆ ವಾಪಸು ಬಂದು ಕೆರೆ ಗೇಟು ಹಾಕುವುದರೊಳಗೆ ಒಂದು ಸುತ್ತು ಹಾಕುತ್ತೇನೆ.

ಮಾಮೂಲಿ ವಾರಾಂತ್ಯ ಅಂದರೆ ಹೀಗೆ. ಶನಿವಾರ ಐದೂಮುಕ್ಕಾಲಿಗೆ ಕುಕ್ಕರಹಳ್ಳಿಯಲ್ಲಿ ಎರಡೂವರೆ ಸುತ್ತಿನ ಹತ್ತಿರ, ಹನ್ನೊಂದು ಕಿಲೋಮೀಟರ್ ಇರಬಹುದು, ನಿಧಾನಕ್ಕೆ. ಮಧ್ಯಾಹ್ನದವರೆಗೆ ಕ್ಲಾಸು. ಆಮೇಲೆ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲದ್ದರಿಂದ ನನ್ನ ಲೆಕ್ಕದಲ್ಲಿ ಬಸ್ ಚಾರ್ಜ್ ಅನ್ನುವ ಕಲಮೇ ಇಲ್ಲ. ಆಧಾರ್ ತೋರಿಸಿದರೆ ಆಯಿತು. ಎಕ್ಸ್‌ಪ್ರೆಸ್‌ವೇ ಹಿಡಿದು ಸೀದಾ ಬೆಂಗಳೂರಿಗೆ ಹೋಗುವ ಬಸ್ ಹತ್ತಬೇಡಿ, ಅದು ನಮ್ಮೂರ ಮುಖ ನೋಡುವುದಿಲ್ಲ. ಸಂಜೆ ಆರತಕ್ಷತೆಯಲ್ಲಿ ನಾಲ್ಕು ಗಂಟೆ ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ ನಿಲ್ಲಬೇಕು. ಮಾರನೆಯ ಬೆಳಿಗ್ಗೆ ಕಾಲು ಸೀಸ ತುಂಬಿದಂತಿರುತ್ತದೆ. ಆ ಕಾಲಿನಲ್ಲೇ ಒಂಬತ್ತು, ಹತ್ತು ಕಿಲೋಮೀಟರ್ ಓಡಬೇಕು. ನನ್ನ ಪದ್ಧತಿ ಕೆಲಸ ಮಾಡಿದ್ದು ಇಲ್ಲೇ ಅಂತ ನನ್ನ ನಂಬಿಕೆ. ಓಟದ ದಿನ ಹದಿನೇಳನೇ ಕಿಲೋಮೀಟರಿನಲ್ಲಿ ಕಾಲು ಹೇಗಿರುತ್ತದೋ ಭಾನುವಾರ ಬೆಳಿಗ್ಗೆ ಮೊದಲ ಹೆಜ್ಜೆಗೇ ಹಾಗಿರುತ್ತದೆ. ಅದರಲ್ಲಿ ಒಂದೆರಡು ಕಿಲೋಮೀಟರನ್ನು ಜೋರಾಗಿ ಓಡುತ್ತೇನೆ. ಯಾವುವು, ಎಷ್ಟು ಜೋರು ಅನ್ನುವುದನ್ನು ಇಲ್ಲಿ ಬರೆಯಲಾರೆ. ಮುಂದಿನ ಓಟದಲ್ಲೂ ಇದೇ ಗುಂಪಿನವರ ಪಕ್ಕ ನಿಲ್ಲಬೇಕು.

ಊರಲ್ಲಿ ಓಡುವುದೇ ಬೇರೆ ಕಥೆ. ಅಜ್ಜಿ ಮೊದಲ ದಿನವೇ ಬಾಗಿಲಿಗೆ ಅಡ್ಡ ನಿಂತಿದ್ದರು. 'ಅಲ್ಲ ಕಣ್ ಮಗ, ನಾಯಿ ಅಟ್ಟಿಸ್ಕಂಡ್ ಬಂದಂಗೆ ಬೆಳಗಾಗೆ ಯಾಕ್ ಓಡೀಯ? ಮದ್ವೆ ಮನೇಲಿ ನೆಂಟ್ರು ಏನಂದ್ಕಂಡಾರು?' ನಾಯಿ ನಿಜವಾಗಿಯೂ ಅಟ್ಟಿಸಿಕೊಂಡು ಬರುತ್ತವೆ, ಅದರಲ್ಲೂ ಆಲೆಮನೆ ಹತ್ತಿರದವು. ಚಿಕ್ಕಪ್ಪ ಕಾವಲಿಗೆ ಅಂತ ಮೊಪೆಡ್‌ನಲ್ಲಿ ಹಿಂದೆ ಬಂದರು. ನನ್ನ ವೇಗಕ್ಕೆ ಅದು ಎರಡು ಕಿಲೋಮೀಟರಿಗೇ ಬಿಸಿಯಾಗಿ ನಿಂತುಹೋಯಿತು, ಅಲ್ಲಿಯವರೆಗಿನ ಹೊಗೆಯೆಲ್ಲ ನನ್ನ ಮೂಗಿಗೆ. ಈಗ ಅವರ ಮಗ, ಹತ್ತನೇ ಕ್ಲಾಸು, ಸೈಕಲ್‌ನಲ್ಲಿ ಬರುತ್ತಾನೆ. ಒಂದು ಓಟಕ್ಕೆ ಐವತ್ತು ರೂಪಾಯಿ. ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಮೊದಲೇ ಬೆಲ್ ಹೊಡೆಯುತ್ತಾನೆ, ನಾಯಿಗೆ ಒಂದು ಕಬ್ಬಿನ ಜಲ್ಲೆ ಇಟ್ಟುಕೊಂಡಿರುತ್ತಾನೆ. ಉದ್ದ ತೋಳಿನ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಹಾಕಿಕೊಂಡರೆ ಊರಿನವರ ಬಾಯಿಯೂ ಅರ್ಧ ಮುಚ್ಚುತ್ತದೆ. ಉಳಿದರ್ಧಕ್ಕೆ ನಾನು ಕಿವಿ ಕೊಡುವುದಿಲ್ಲ.

ವಾಪಸು ಬಂದ ಮೇಲೆ ನೀರಿನ ಸಮಸ್ಯೆ. ಮದುವೆ ಮನೆಯಲ್ಲಿ ಆರೂವರೆಗೆ ಬಚ್ಚಲಿಗೆ ಹೋದರೆ ಹಂಡೆಯ ತಳದಲ್ಲಿ ಬೂದಿ ಬಣ್ಣದ ಎರಡು ಚೊಂಬು ಉಳಿದಿರುತ್ತದೆ, ಹೊರಗೆ ಆರು ಜನ ಟವೆಲ್ ಹೆಗಲ ಮೇಲೆ ಹಾಕಿಕೊಂಡು ನಿಂತಿರುತ್ತಾರೆ. ಹೊರಡುವ ಮೊದಲು ಒಲೆಗೆ ಎರಡು ತೆಂಗಿನ ಮಟ್ಟೆ ತುರುಕಿ ಹಂಡೆ ತುಂಬಿಸಿ ಹೋಗಿ ನೋಡಿದೆ. ಬೇರೆಯವರು ಸುಖವಾಗಿ ಮಿಂದರು. ಈಗ ನನಗೆ ಒಂದು ಬಕೆಟ್ ಬಿಸಿನೀರು ತಪ್ಪದೆ ಸಿಗುತ್ತದೆ. ಹೇಗೆ ಅಂತ ಬರೆದರೆ ನಮ್ಮ ಮನೆಯವರೇ ಓದಿಬಿಡುತ್ತಾರೆ, ಬೇಡ.

ಶೂ ಬಗ್ಗೆ ಒಂದು ಮಾತು. ಒದ್ದೆ ಶೂವನ್ನು ಪೇಪರಿನಲ್ಲಿ ಸುತ್ತಿ ಅಮ್ಮನ ಮೈಸೂರು ಸಿಲ್ಕ್ ಸೀರೆ ಇರುವ ಚೀಲದಲ್ಲೇ ಇಟ್ಟರೆ ಏನಾಗುತ್ತದೆ ಅಂತ ಗೊತ್ತಾದ ಮೇಲೆ ನನ್ನ ಶೂಗೆ ಬೇರೆ ಅಕ್ಕಿ ಚೀಲ ಕೊಟ್ಟಿದ್ದಾರೆ. ಅದರೊಳಗೆ ಒಂದು ಹಿಡಿ ಬೇವಿನ ಸೊಪ್ಪು ಹಾಕುತ್ತೇನೆ. ವಾಸನೆ ಪೂರ್ತಿ ಹೋಗುವುದಿಲ್ಲ, ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗದಷ್ಟಾಗುತ್ತದೆ.

ಜೆಲ್ ಬಿಟ್ಟ ಮೇಲೆ ಏನೇನೋ ಕುಡಿದು ನೋಡಿದೆ. ಪಾನಕದಿಂದ ಶುರು. ಅರ್ಧ ಲೀಟರ್ ನೀರಿಗೆ ನಿಂಬೆಗಾತ್ರಕ್ಕಿಂತ ಸ್ವಲ್ಪ ದೊಡ್ಡ ಬೆಲ್ಲದ ಉಂಡೆ, ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು, ಏಲಕ್ಕಿ. ರಾಮನವಮಿಯಲ್ಲಿ ಹಾಕುವಂತೆ ಮೆಣಸು ಹಾಕಿದರೆ ಏಳನೇ ಕಿಲೋಮೀಟರಿಗೆ ಎದೆಯುರಿ, ಅದನ್ನು ಬಿಟ್ಟೆ. ಕುಡಿಯಲು ಚೆನ್ನಾಗಿದೆ, ಕೆಲಸವೂ ಮಾಡುತ್ತದೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಶನಿವಾರ ಬೆರೆಸಿದ್ದನ್ನು ಭಾನುವಾರಕ್ಕೆ ಇಟ್ಟಿದ್ದೆ. ಮಂಡ್ಯ ದಾಟುತ್ತಿದ್ದಂತೆ ಬಾಟಲಿ ಮುಚ್ಚಳ ಟಪ್ಪೆಂದು ಹಾರಿ ಹೊಸ ಬ್ಲೌಸಿನ ಮೇಲೆ ಹುಳಿಬಂದ ಬೆಲ್ಲದ ನೀರು. ಆ ಬ್ಲೌಸ್ ಹೊಲಿಗೆಗೆ ಆರುನೂರು ಕೊಟ್ಟಿದ್ದೆವು. ಈಗ ಬೆಲ್ಲ ಪುಡಿ, ಉಪ್ಪು ಬೇರೆ ಪೊಟ್ಟಣ ಮಾಡಿಕೊಂಡು ಹೋಗಿ ಅಲ್ಲೇ ಬೆರೆಸುತ್ತೇನೆ.

ಪಾನಕಕ್ಕಿಂತ ಗೆದ್ದದ್ದು ತಂಬಿಟ್ಟು. ಹುರಿಗಡಲೆ ಹಿಟ್ಟು, ಬೆಲ್ಲದ ಪಾಕ, ಕೊಬ್ಬರಿ, ಎಳ್ಳು. ಶಿವರಾತ್ರಿಯ ತಂಬಿಟ್ಟಿನ ಗಾತ್ರದಲ್ಲಿ ಕಟ್ಟಿದರೆ ಓಡುತ್ತ ನುಂಗುವುದಕ್ಕಾಗುವುದಿಲ್ಲ, ಗಂಟಲಲ್ಲೇ ಕೂರುತ್ತದೆ. ಗೋಲಿಗಿಂತ ಒಂಚೂರು ದೊಡ್ಡದು ಕಟ್ಟಿ, ನಲವತ್ತು ನಿಮಿಷಕ್ಕೊಂದರಂತೆ ಎರಡು ಗುಟುಕು ನೀರಿನ ಜೊತೆ ತಿನ್ನುತ್ತೇನೆ. ಎಪ್ಪತ್ತು ಎಂಬತ್ತು ರೂಪಾಯಿ ಸಾಮಾನಿಗೆ ಒಂದು ತಿಂಗಳಿಗಾಗುವಷ್ಟು ಬರುತ್ತದೆ. ಬಾಯಲ್ಲಿ ಹಿಟ್ಟು ಹಿಟ್ಟಾಗದ ಹಾಗೆ ಮಾಡಲು ತುಪ್ಪದ ಬದಲು ಬೇರೊಂದು ಹಾಕುತ್ತೇನೆ. ಅಜ್ಜಿಯ ಅಪ್ಪಣೆ ಇಲ್ಲದೆ ಹೇಳುವಂತಿಲ್ಲ. ಅಜ್ಜಿಯ ಶನಿವಾರದ ಒಪ್ಪೊತ್ತನ್ನೂ ಹಿಡಿದು ಓಡಿ ನೋಡಿದೆ. ಆರನೇ ಕಿಲೋಮೀಟರಿಗೆ ಕಣ್ಣು ಕತ್ತಲೆ ಬಂತು, ಅಲ್ಲಿಗೆ ಬಿಟ್ಟೆ.

ಊಟದ ವಿಚಾರಕ್ಕೆ ಎಲ್ಲರೂ ಹೆದರಿಸುತ್ತಾರೆ. ನಾನು ಎಲೆಯ ಮೇಲಿನದನ್ನು ಬಿಡುವವಳಲ್ಲ. ಹೆಸರುಬೇಳೆ ಕೋಸಂಬರಿಯನ್ನು ಮಾತ್ರ ಎರಡು ಮೂರು ಸಲ ಹಾಕಿಸಿಕೊಳ್ಳುತ್ತೇನೆ, ಅದರಲ್ಲಿ ಪ್ರೋಟೀನ್ ಇದೆ ಅಂತ. ಒಬ್ಬಟ್ಟು ಒಂದು, ತುಪ್ಪ ಬೇಡ ಅನ್ನುವುದಿಲ್ಲ. ಅನ್ನ ಒಂದೇ ಸಲ. ಮೊದಲ ಪಂಕ್ತಿಗೆ ಕೂತರೆ ಮಾತಾಡಿಸುವವರು ಹೆಚ್ಚು, ಬಡಿಸುವವರ ಉತ್ಸಾಹವೂ ಹೆಚ್ಚು, ಆದ್ದರಿಂದ ಮೂರನೆಯದಕ್ಕೆ ಕೂರುತ್ತೇನೆ. ಬೀಗರ ಊಟ ಬಂದರೆ ಹಬ್ಬ. ನಮ್ಮ ಕಡೆ ಶನಿವಾರ, ಸೋಮವಾರ ಬಾಡೂಟ ಇಡುವುದಿಲ್ಲವಾದ್ದರಿಂದ ಎಷ್ಟೋ ಸಲ ಅದು ಭಾನುವಾರಕ್ಕೇ ಬರುತ್ತದೆ. ಬೆಳಿಗ್ಗೆ ಹತ್ತು ಕಿಲೋಮೀಟರ್, ಮಧ್ಯಾಹ್ನ ಒಂದು ಮುದ್ದೆ, ನಾಟಿಕೋಳಿ ಸಾರು, ಎರಡು ಮೊಟ್ಟೆ. ಪ್ರೋಟೀನ್ ಪುಡಿ ಡಬ್ಬಿಗೆ ಎರಡೂವರೆ ಸಾವಿರ ಕೊಡುವ ನನ್ನ ಕ್ಲಾಸಿನ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ.

ಮನೆಯಲ್ಲೇ ನಡೆಯುವ ನಾಮಕರಣ, ಬಳೆ ತೊಡಿಸುವ ಶಾಸ್ತ್ರಗಳಲ್ಲಿ ಬಡಿಸುವ ಕೆಲಸ ನಾನೇ ಕೇಳಿ ಇಸಿದುಕೊಳ್ಳುತ್ತೇನೆ. ತುಂಬಿದ ಸಾರಿನ ಬಕೆಟ್ಟು ಏಳೆಂಟು ಕೆಜಿ ತೂಗುತ್ತದೆ, ಪ್ರತಿ ಎಲೆಗೂ ಸೊಂಟ ಬಗ್ಗಿಸಬೇಕು. ಬೆನ್ನು ಗೂನು ಮಾಡದೆ ಸೊಂಟದಿಂದ ಬಗ್ಗಿದರೆ ಜಿಮ್ಮಿನಲ್ಲಿ ಬಗ್ಗಿ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟಿಗೆ ಕಮ್ಮಿ ಇಲ್ಲ. ಪಂಕ್ತಿಗೊಮ್ಮೆ ಕೈ ಬದಲಿಸುತ್ತೇನೆ. ದೊಡ್ಡಮ್ಮ 'ಎಷ್ಟ್ ಬಗ್ಗಿ ನಡ್ಕತದೆ ಕೂಸು' ಅಂತ ಎಲ್ಲರೆದುರು ಹೊಗಳುತ್ತಾರೆ, ನಾನು ಎಣಿಸುತ್ತಿರುತ್ತೇನೆ. ಮುಟ್ಟಾದ ವಾರಾಂತ್ಯ ಪೂಜೆಗೂ ಸೇರಿಸುವುದಿಲ್ಲ, ಬಡಿಸಲೂ ಬಿಡುವುದಿಲ್ಲ. ಆ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಜಗಳವೂ ಆಗಿದೆ. ಸದ್ಯಕ್ಕೆ ಆ ಹೊತ್ತನ್ನು ನಾಲೆ ಏರಿಗೆ ಕೊಡುತ್ತಿದ್ದೇನೆ.

ಕಾರ್ಯಕ್ರಮ ಇಲ್ಲದ ಭಾನುವಾರ ಚಾಮುಂಡಿ ಬೆಟ್ಟ. ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟ ಮೆಟ್ಟಿಲು, ಏಳುನೂರರ ಹತ್ತಿರ ನಂದಿ. ನಂದಿಯವರೆಗೆ ನಿಲ್ಲದೆ, ಅಲ್ಲಿಂದ ಮೇಲಕ್ಕೆ ಎರಡೆರಡು ಮೆಟ್ಟಿಲು. ಇಳಿಯುವಾಗ ಓಡಬೇಡಿ, ಮೊಣಕಾಲು ಒಂದು ವಾರ ಮಾತಾಡುತ್ತದೆ. ಆಷಾಢದಲ್ಲಿ ಮಾತ್ರ ಮೆಟ್ಟಿಲ ಕಡೆ ತಲೆ ಹಾಕುವುದಿಲ್ಲ. ಶುಕ್ರವಾರಗಳ ನೂಕುನುಗ್ಗಲು ಶನಿವಾರ, ಭಾನುವಾರಕ್ಕೂ ಚೆಲ್ಲುತ್ತದೆ, ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಿರುತ್ತಾರೆ. ಅವರ ನಡುವೆ ಶೂ ಹಾಕಿಕೊಂಡು ದಡದಡ ಓಡುವುದು ಸರಿಯಲ್ಲ. ಬೆಟ್ಟ ಬಿಟ್ಟು ಆ ತಿಂಗಳು ಕೆರೆಯ ಸುತ್ತ ಪೂರಾ ಹದಿನೆಂಟು ಕಿಲೋಮೀಟರ್.

ಲೆಕ್ಕ ಕೇಳುವವರಿಗೆ: ಈಗ ಒಂದು ವಾರಾಂತ್ಯಕ್ಕೆ ಸೈಕಲ್ ಹುಡುಗನ ಐವತ್ತು, ತಂಬಿಟ್ಟು ಬೆಲ್ಲ ಎಲ್ಲ ಸೇರಿ ನೂರರೊಳಗೆ ಮುಗಿಯುತ್ತದೆ. ಶೂ ನಾಲ್ಕು ಸಾವಿರದ ಇನ್ನೂರೋ ಮುನ್ನೂರೋ ಆಯಿತು. ಅದಕ್ಕೂ ಅಪ್ಪನ ಹತ್ತಿರ ಕೇಳಲಿಲ್ಲ. ಮದುವೆ ಮನೆಯಿಂದ ಹೊರಡುವಾಗ ಸೋದರಮಾವಂದಿರು, ದೊಡ್ಡಪ್ಪಂದಿರು 'ಖರ್ಚಿಗಿಟ್ಕೊ' ಅಂತ ಕೈಗೆ ತುರುಕುವ ನೂರು, ಇನ್ನೂರರಲ್ಲೇ ಕೂಡಿತ್ತು. ಈಗ ಅದರ ಅಟ್ಟೆ ಸವೆದಿದೆ. ವೈಶಾಖದಲ್ಲಿ ನಾಲ್ಕು ಮದುವೆ, ಒಂದು ಗೃಹಪ್ರವೇಶ ಇದೆ. ಆಷಾಢದೊಳಗೆ ಹೊಸದಕ್ಕೆ ಆಗುತ್ತದೆ ಅಂದುಕೊಂಡಿದ್ದೇನೆ.